ಬೋಟ್ ಟ್ರೈಲರ್‌ನ ಒಂದೇ ಚಕ್ರ ಸುಡ್ತಿದೆ, ಬ್ರೇಕ್ ಹಿಡಿದಿದ್ದು ಬಿಡ್ತಾನೇ ಇಲ್ಲ. ಎಲ್ಲಿಂದ ಹುಡುಕ್ಲಿ?

ದಡದವನು:
ಎಲ್ರಿಗೂ ನಮಸ್ಕಾರ. ನಂದು ಒಂದೇ ಆಕ್ಸಲ್ ಇರೋ ಬೋಟ್ ಟ್ರೈಲರ್, ಎರಡೂ ಕಡೆ ಡಿಸ್ಕ್, ಸರ್ಜ್ ಬ್ರೇಕ್, ಅಂದ್ರೆ ಎಳೆಯೋ ಗಾಡಿ ನಿಧಾನ ಆದಾಗ ಟ್ರೈಲರ್ ಭಾರ ಮುಂದಕ್ಕೆ ನುಗ್ಗಿ ಕಪ್ಲರ್ (ಗಾಡಿಗೆ ಸಿಕ್ಕಿಸೋ ಮುಂದಿನ ಕೊಂಡಿ) ಒಳಗಿರೋ, ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್‌ನ ಒತ್ತುತ್ತಲ್ಲ, ಆ ತರದ್ದು. ಹೋದ ವಾರ 20 ಕಿಲೋಮೀಟರ್ ಹೋಗಿ ನಿಲ್ಸಿದ್ರೆ ಬಲಗಡೆಯಿಂದ ಸುಟ್ಟ ವಾಸನೆ, ರಿಮ್ ಹತ್ರ ಕೈ ಒಯ್ದ್ರೇ ಕಾವು ಹೊಡೀತಿತ್ತು, ಎಡಗಡೆ ಹಬ್ ಮೇಲೆ ಮಾತ್ರ ಅಂಗೈ ಆರಾಮಾಗಿ ಇಡಬಹುದಿತ್ತು. ಜಾಕಿ ಹಾಕಿ ತಿರುಗ್ಸಿದ್ರೆ ಎಡಚಕ್ರ ಸಲೀಸಾಗಿ ತಿರುಗುತ್ತೆ, ಬಲದ್ದು ಎರಡು ಕೈ ಹಾಕಿ ಎಳೆದ್ರೂ ಅಲ್ಲಾಡಲ್ಲ.

ಇಷ್ಟೇ ಆಗಿದ್ರೆ ಕ್ಯಾಲಿಪರ್ (ಡಿಸ್ಕನ್ನ ಅದುಮಿ ಹಿಡಿಯೋ ಭಾಗ) ಜಾಮ್ ಆಗಿದೆ ಅಂತ ಹೊಸದು ಹಾಕ್ಬಿಡ್ತಿದ್ದೆ, ಆದ್ರೆ ಏರು ಜಾಗದಲ್ಲಿ ರಿವರ್ಸ್ ತಗೊಂಡ್ರೆ ಎರಡೂ ಚಕ್ರ ಲಾಕ್ ಆಗ್ತಿವೆ, ಅದು ಬೇರೆ ತೊಂದ್ರೆನೋ ಇದಕ್ಕೇ ಸೇರಿದ್ದೋ ಗೊತ್ತಾಗ್ತಿಲ್ಲ. ಬ್ರೇಕ್ ಆಯಿಲ್ ಕಪ್ಪಗಾಗಿದೆ, ಎರಡು ವರ್ಷದಿಂದ ಬದಲಾಯಿಸಿಲ್ಲ, ಟ್ರೈಲರ್ ಇಳಿಯೋದೆಲ್ಲ ಉಪ್ಪುನೀರಿಗೇ. ಗಾಡೀಲಿ ಮಕ್ಕಳೂ ಇರ್ತಾರೆ, ಅದಕ್ಕೇ ಇದು ಸರಿ ಆಗೋವರೆಗೆ ರೋಡಿಗೆ ತೆಗೆಯಲ್ಲ.

ಹಳೇ ಸ್ಪ್ಯಾನರ್:
ಸರ್, ಕ್ಯಾಲಿಪರ್ ತಗೋಳಕ್ಕೆ ಮುಂಚೆ ಒಂದು ಕೆಲಸ ಮಾಡಿ, ಐದು ನಿಮಿಷದ್ದು. ಒಂದೇ ಚಕ್ರ ಹಿಡಿದಿದೆ ಅಂದ್ರೆ ತೊಂದ್ರೆ ಲೈನು ಎರಡಾಗಿ ಕವಲೊಡೆಯೋ ಟೀ ಜಾಯಿಂಟ್ ಆದ್ಮೇಲೆ ಎಲ್ಲೋ ಇದೆ. ಎರಡೂ ಹಿಡಿದಿದ್ರೆ ಮುಂದಗಡೆ ಹುಡುಕ್ಬೇಕಿತ್ತು, ಕಪ್ಲರ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಬರ್ತಿಲ್ವಾ, ಬ್ರೇಕ್‌ಅವೇ ಕೇಬಲ್ (ಟ್ರೈಲರ್ ಕಳಚಿಕೊಂಡ್ರೆ ತಾನಾಗೇ ಬ್ರೇಕ್ ಹಾಕೋದು) ಎಳೆದ್ಕೊಂಡು ಸಿಕ್ಕಿಹಾಕ್ಕೊಂಡಿದ್ಯಾ, ಇಂಥವು. ನಿಮ್ಮದು ಹಾಗಲ್ಲ.

ಟ್ರೈಲರ್ ಗಾಡಿಗೆ ಸಿಕ್ಕಿಸಿ, ಕಪ್ಲರ್ ಪೂರ್ತಿ ಹೊರಗೆ ಎಳೆದಿರ್ಲಿ, ಎಡಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಟ್ಟು ಬಲಗಡೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕಿ ನಂಬ್ಕೊಂಡು ಕೆಳಗೆ ಕೈ ಹಾಕ್ಬೇಡಿ. ಚಕ್ರ ಹಿಡಿದಿರೋವಾಗ್ಲೇ ಆ ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್ (ಗಾಳಿ, ಆಯಿಲ್ ಹೊರಗೆ ಬಿಡೋ ಸಣ್ಣ ಸ್ಕ್ರೂ) ಕಾಲು ಸುತ್ತು ಸಡಿಲ ಮಾಡಿ, ಕನ್ನಡಕ ಹಾಕ್ಕೊಂಡೇ ಮಾಡಿ, ಆಯಿಲ್ ಚಿಮ್ಮಬಹುದು, ಪೇಂಟಿಗೆ ತಾಗಿದ್ರೆ ತಕ್ಷಣ ನೀರು ಹಾಕಿ ತೊಳೀರಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಕೊಂಡ್ರೆ ಒಳಗೆ ಪ್ರೆಶರ್ ಸಿಕ್ಕಿಹಾಕ್ಕೊಂಡಿತ್ತು ಅಂತ, ಕ್ಯಾಲಿಪರ್ ತಪ್ಪಲ್ಲ. ಬಿಟ್ಕೊಳ್ಳಲೇ ಇಲ್ಲ ಅಂದ್ರೆ ಪ್ಯಾಡ್ ಒತ್ತೋ ಪಿಸ್ಟನ್ ಇಲ್ಲಾ ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ ತುಕ್ಕು ಹಿಡಿದಿದೆ, ಆಗ ಮಾತ್ರ ಬಿಚ್ಚಿ.

ಪ್ರೆಶರ್ರೇ ಅಂತಾದ್ರೆ ಅದು ಎಲ್ಲಿ ತಡೀತಿದೆ ನೋಡ್ಬೇಕು. ಮತ್ತೆ ಬ್ರೇಕ್ ಹಿಡಿಸಿ, ಈ ಸಲ ರಬ್ಬರ್ ಹೋಸ್ ಮೇಲ್ತುದಿ, ಅಂದ್ರೆ ಸ್ಟೀಲ್ ಪೈಪಿಗೆ ಸೇರೋ ಕಡೆ ನಟ್ ಸಡಿಲ ಮಾಡಿ. ಅಲ್ಲಿ ಪ್ರೆಶರ್ ಇಲ್ಲದೆ ಚಕ್ರ ಹಾಗೇ ಹಿಡಿದಿದ್ರೆ ಹೋಸ್ ಒಳಗಡೆ ಊದಿ ಮುಚ್ಚಿಕೊಂಡಿದೆ. ಹೊರಗೆ ಹೊಸದರ ತರಾನೇ ಕಾಣುತ್ತೆ ಅದು, ಎಷ್ಟೋ ಜನ ಅಲ್ಲೇ ಮೋಸ ಹೋಗಿ ಒಳ್ಳೇ ಕ್ಯಾಲಿಪರ್ ಬಿಸಾಕ್ತಾರೆ. ಬ್ರೇಕ್ ಹಾಕೋವಾಗ ಜೋರು ಒತ್ತಡ ಇರೋದ್ರಿಂದ ಆಯಿಲ್ ಹೇಗೋ ನುಗ್ಗುತ್ತೆ, ವಾಪಸ್ ಬರೋಕೆ ಆ ಬಲ ಇಲ್ಲ, ಅಲ್ಲೇ ಉಳ್ಕೊಳುತ್ತೆ.

ವೈರ್‌ಮ್ಯಾನ್:
ರಿವರ್ಸ್ ಲಾಕ್ ಆಗೋದು ಬೇರೆಯದೇ ತೊಂದ್ರೆ ಗುರು. ಸರ್ಜ್ ಬ್ರೇಕಿಗೆ ನೀವು ಮುಂದೆ ಹೋಗ್ತಾ ನಿಲ್ಲಿಸ್ತಿದೀರೋ ಹಿಂದಕ್ಕೆ ತಳ್ತಿದೀರೋ ಗೊತ್ತಾಗಲ್ಲ, ಎರಡರಲ್ಲೂ ಕಪ್ಲರ್ ಒಳಗೆ ಹೋಗುತ್ತೆ. ಅದಕ್ಕೇ ಡಿಸ್ಕ್ ಇರೋ ಟ್ರೈಲರಿಗೆ ಲಾಕೌಟ್ ಸೊಲೆನಾಯ್ಡ್, ಅಂದ್ರೆ ಕರೆಂಟಲ್ಲಿ ಕೆಲಸ ಮಾಡೋ ವಾಲ್ವ್, ಇರುತ್ತೆ, ರಿವರ್ಸ್ ಲೈಟಿನಿಂದ 12 ವೋಲ್ಟ್ ಬಂದ್ರೆ ಆಯಿಲ್ ಚಕ್ರದ ಕಡೆ ಹೋಗದ ಹಾಗೆ ತಡೆಯುತ್ತೆ. ಇಂಜಿನ್ ಆಫ್, ಕೀ ಆನ್, ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಹಾಕಿ, ಒಬ್ರನ್ನ ಕಪ್ಲರ್ ಹತ್ರ ಕಿವಿ ಕೊಟ್ಟು ನಿಲ್ಲಿಸಿ, ಟಕ್ ಅಂತ ಕೇಳ್ಬೇಕು. ಕೇಳಿಲ್ಲ ಅಂದ್ರೆ ಮೊದಲು ಅರ್ತ್ ನೋಡಿ, ಉಪ್ಪುನೀರಿಗೆ ಇಳಿಯೋ ಟ್ರೈಲರಲ್ಲಿ ಹತ್ತಕ್ಕೆ ಒಂಬತ್ತು ಸಲ ಅದೇ. ಹಾಗಂತ ಆ ವೈರನ್ನ ಯಾವತ್ತೂ ಪಾರ್ಕಿಂಗ್ ಲೈಟಿಗೆ ಕೊಡ್ಬೇಡಿ, ರಾತ್ರಿ ಲೈಟ್ ಹಾಕಿದ ತಕ್ಷಣ ಟ್ರೈಲರ್ ಬ್ರೇಕೇ ಇಲ್ಲದ ಹಾಗಾಗುತ್ತೆ.

ನೀರುಕೋಳಿ:
ಇನ್ನೊಂದು ನೋಡ್ಕೊಳ್ಳಿ, ಆಯಿಲ್ ಡಬ್ಬಿ ಮುಚ್ಚಳದೊಳಗಿನ ರಬ್ಬರ್ ಊದಿ ಸುಕ್ಕುಗಟ್ಟಿದ್ಯಾ ಅಂತ. ಊದಿದ್ರೆ ಯಾರೋ ಗೊತ್ತಿಲ್ದೆ ಇಂಜಿನ್ ಆಯಿಲ್ಲೋ ಸ್ಟೀರಿಂಗ್ ಆಯಿಲ್ಲೋ ಸುರಿದಿದ್ದಾರೆ, ಆಗ ಒಂದು ಹೋಸ್ ಬದಲಾಯಿಸಿದ್ರೆ ಸಾಲಲ್ಲ, ಸಿಸ್ಟಮ್ಮಿನ ಎಲ್ಲಾ ರಬ್ಬರೂ ಹೋದ ಹಾಗೆ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳುತ್ತೆ, ಹೊಸದರಲ್ಲಿ ಕುದಿಯೋಕೆ ಕಮ್ಮಿ ಅಂದ್ರೂ 205 ಡಿಗ್ರಿ ಬೇಕು, ತೇವ ಸೇರಿದ್ಮೇಲೆ 140ಕ್ಕೇ ಕುದಿಯಬಹುದು, ಅದಕ್ಕೇ ಇಳಿಜಾರಲ್ಲಿ ಬ್ರೇಕ್ ಮಾಯ ಆಗೋದು. ಎರಡು ವರ್ಷ ಜಾಸ್ತಿನೇ ಆಯ್ತು.

ದಡದವನು:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ನಿನ್ನೆ ಇಡೀ ದಿನ ಕೂತು ಮಾಡ್ದೆ. ನಿಪ್ಪಲ್ ಸಡಿಲ ಮಾಡಿದ್ದೇ ತಡ ಕಪ್ಪು ಆಯಿಲ್ ಒಂದು ಗೇಣು ಚಿಮ್ಮಿ ಚಕ್ರ ಸಡಿಲ ಆಯ್ತು. ಮತ್ತೆ ಬ್ರೇಕ್ ಹಿಡಿಸಿ ಹೋಸ್ ಮೇಲ್ತುದಿ ಬಿಚ್ಚಿದ್ರೆ ಹನಿ ಒಸರಿತು ಅಷ್ಟೇ, ಚಕ್ರ ಹಾಗೇ ಬಿಗಿಯಾಗಿತ್ತು. ಹೋಸ್ ತೆಗೆದು ಉದ್ದಕ್ಕೆ ಸೀಳಿ ನೋಡ್ದೆ, ಹೊರಗೆ ಒಂದು ಬಿರುಕಿಲ್ಲ, ಒಳಗಡೆ ರಬ್ಬರ್ ಪದರ ಒಂದು ಕಡೆ ಎದ್ದು ನಾಲಿಗೆ ತರ ದಾರಿಗೆ ಅಡ್ಡ ಬಿದ್ದಿತ್ತು, ಸೂಜಿ ತೂರಿಸಿದ್ರೂ ಕಷ್ಟಪಟ್ಟು ಹೋಗ್ತಿತ್ತು. ಮುಚ್ಚಳದ ರಬ್ಬರ್ ಚೆನ್ನಾಗಿದೆ, ಸದ್ಯ. ಸೊಲೆನಾಯ್ಡ್ ಅರ್ತ್ ವೈರ್ ಹಸಿರು ಪುಡಿಯಾಗಿ ಕೈಗೇ ಬಂತು, ಫ್ರೇಮ್ ಉಜ್ಜಿ ಹೊಸ ವೈರ್ ಹಾಕಿದ ಮೇಲೆ ಟಕ್ ಅಂತ ಕೇಳ್ತು, ಮನಸ್ಸಿಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ ಹೇಳೋಕಾಗಲ್ಲ.

ಎರಡೂ ಕಡೆ ಹೋಸ್ ಹೊಸದು ತರ್ತಿದೀನಿ. ಬ್ಲೀಡ್ ಮಾಡೋವಾಗ, ಅಂದ್ರೆ ಲೈನೊಳಗಿನ ಗಾಳಿ ತೆಗೆಯೋವಾಗ, ಯಾವ ಚಕ್ರ ಮೊದಲು?

ಹಳೇ ಸ್ಪ್ಯಾನರ್:
ಯಾವುದರ ಪೈಪ್ ಉದ್ದ ಇದ್ಯೋ ಅದು ಮೊದಲು. ಒಬ್ರು ಕಪ್ಲರಿನ ಲಿವರ್ ಸ್ಕ್ರೂಡ್ರೈವರ್‌ನಲ್ಲಿ ನಿಧಾನಕ್ಕೆ ಒತ್ತಿ ಹಿಡೀಲಿ, ನೀವು ನಿಪ್ಪಲ್ ತೆಗೆದು, ಗುಳ್ಳೆ ಬಂದ್ಮೇಲೆ ಮುಚ್ಚಿ, ಮುಚ್ಚಿದ ನಂತರವೇ ಅವರು ಬಿಡ್ಬೇಕು, ಇಲ್ಲಾಂದ್ರೆ ಗಾಳಿ ವಾಪಸ್ ಎಳೆಯುತ್ತೆ. ನಿಪ್ಪಲ್ ಕ್ಯಾಲಿಪರಿನ ಮೇಲ್ಭಾಗದಲ್ಲೇ ಇರ್ಬೇಕು, ಎಡಬಲ ಅದಲುಬದಲು ಹಾಕಿದ್ರೆ ದಿನವಿಡೀ ಬ್ಲೀಡ್ ಮಾಡಿದ್ರೂ ಗಾಳಿ ಹೋಗಲ್ಲ. ಡಬ್ಬಿ ಖಾಲಿ ಆಗೋಕೆ ಬಿಡ್ಬೇಡಿ. ಬಲಗಡೆ ಬೇರಿಂಗೂ ಬಿಚ್ಚಿ ನೋಡಿ ಸರ್, ಅಷ್ಟು ಕಾದ ಹಬ್ಬನ್ನ ಹಾಗೇ ನೀರಿಗೆ ಇಳಿಸಿದ್ರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳ್ಕೊಂಡಿರುತ್ತೆ, ಗ್ರೀಸ್ ಬೆಳ್ಳಗಾಗಿದ್ರೆ ಅದೇ ಗುರುತು.

ದಡದವನು:
ಈಗಷ್ಟೇ ಕ್ಯಾಪ್ ತೆಗೆದೆ. ಬೆಳ್ಳಗಿದೆ. ಬೇರಿಂಗ್, ಸೀಲ್ ಎರಡೂ ಪಟ್ಟಿಗೆ ಸೇರಿಸ್ದೆ.