ಸಹಾಯ ಬೇಕು: 'ಗೆಟ್' ಹೇಳಿಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕನ್ನಡ ಮೀಡಿಯಂ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಈಗ 'ಗೆಟ್' ಹತ್ತಿರ ಬಂದು ನಿಂತಿದ್ದೇವೆ. 'ಗಾಟ್ ಎ ಲೆಟರ್' ಅಂದ್ರೆ ಪತ್ರ ಬಂತು, 'ಗೆಟಿಂಗ್ ಡಾರ್ಕ್' ಅಂದ್ರೆ ಕತ್ತಲಾಗುತ್ತಿದೆ. ಇವೆಲ್ಲ ಸುಲಭ. 'ಐ ಗಾಟ್ ಮೈ ಬೈಕ್ ರಿಪೇರ್ಡ್' ಕೂಡ ಪರವಾಗಿಲ್ಲ, ನಮ್ಮ 'ರಿಪೇರಿ ಮಾಡಿಸಿದೆ' ಸರಿಯಾಗಿ ಕೂರುತ್ತದೆ.

ಆದರೆ 'ಶಿ ಗಾಟ್ ಹರ್ ಫಿಂಗರ್ಸ್ ಕಾಟ್ ಇನ್ ದ ಡೋರ್' (ಅವಳ ಬೆರಳು ಬಾಗಿಲಿಗೆ ಸಿಕ್ಕಿಕೊಂಡವು) ಬಂದಾಗ ಒಬ್ಬ ಕೇಳಿದ, "ಸರ್, ಬೇಕಂತಲೇ ಬಾಗಿಲಿಗೆ ಬೆರಳು ಕೊಟ್ಟಳಾ?" ನ್ಯಾಯವಾದ ಪ್ರಶ್ನೆ ಅಲ್ವಾ? ವಾಕ್ಯದ ಅಚ್ಚು ಒಂದೇ. ಅಲ್ಲಿ ಮಾಡಿಸಿದ್ದು, ಇಲ್ಲಿ ತಾನಾಗೇ ಆಗಿದ್ದು. ಸಂದರ್ಭ ನೋಡ್ಕೊಳ್ಳಿ ಅನ್ನುವುದು ಬಿಟ್ಟು ಬೇರೆ ಗುರುತು ಇದೆಯಾ?

'ಗೆಟ್ ಅಪ್', 'ಗೆಟ್ ಓವರ್' ಪಟ್ಟಿ ದಯವಿಟ್ಟು ಬೇಡ. ಸುಮ್ನೆ ಬಾಯಿಪಾಠ ಮಾಡಿ ಮರೆಯುತ್ತಾರೆ. ಪಾಠ ಮಾಡಿ ಅನುಭವ ಇರುವವರು ಹೇಳಿ.