ಲಾನ್ ಮೋವರ್ ಚಿರೆಕಲ್ಲಿಗೆ ಬಡಿದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ, ಪಾರ್ಟ್ ಎಲ್ಲಿ ಸಿಗುತ್ತದೆ?

ಮಾಜಾಳಿ ಹೋಂಸ್ಟೇ:

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಗೋವಾ ಕಡೆ ಹೋಗುವಾಗ ಗಡಿಗೆ ಮುಂಚೆ ಸಿಗುವ ಮಾಜಾಳಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಸಮುದ್ರದ ಬದಿಗೆ ಹುಲ್ಲುಹಾಸು. ಅದಕ್ಕೆಂದು ತಳ್ಳಿಕೊಂಡು ಹೋಗುವ ಪೆಟ್ರೋಲ್ ಲಾನ್ ಮೋವರ್ ಇಟ್ಟುಕೊಂಡಿದ್ದೇವೆ. ಒಂದು ರೆಸಾರ್ಟ್ ಮುಚ್ಚುವಾಗ ನಮ್ಮ ಮಾವ ಸೆಕೆಂಡ್ ಹ್ಯಾಂಡ್ ತಂದದ್ದು. ಎಂಜಿನ್ ಬ್ರಿಗ್ಸ್ ಅಂಡ್ ಸ್ಟ್ರಾಟನ್. ಕೆಳಗಿನ ಡೆಕ್, ಅಂದರೆ ಬ್ಲೇಡ್ ಮುಚ್ಚುವ ತಗಡಿನ ಭಾಗ, ಯಾವ ಕಂಪನಿಯದೋ ಗೊತ್ತಿಲ್ಲ, ಉಪ್ಪುಗಾಳಿಗೆ ಸ್ಟಿಕ್ಕರೇ ಹೋಗಿದೆ.

ಈ ಮಳೆಗಾಲದಲ್ಲಿ ಕಂಪೌಂಡಿನ ಒಂದು ಚಿರೆಕಲ್ಲು ಜಾರಿ ಹುಲ್ಲಿನೊಳಗೆ ಬಿದ್ದಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ. ಹುಡುಗ ಹುಲ್ಲು ಹೊಡೆಯುವಾಗ ಬ್ಲೇಡ್ ಅದಕ್ಕೇ ಬಡಿದು ಎಂಜಿನ್ ಅಲ್ಲೇ ನಿಂತಿತು. ಆಮೇಲೆ ಸ್ಟಾರ್ಟ್ ಆಗಿಯೇ ಇಲ್ಲ. ಹಗ್ಗ ಎಳೆದರೆ ಒಂದೊಂದು ಸಲ ಕೈಯಿಂದ ಕಿತ್ತುಕೊಂಡು ಒಳಗೆ ಹೋಗುತ್ತದೆ. ಕಾರ್ಬುರೇಟರ್ ಕಡೆ "ಪಟ್" ಅಂತ ಶಬ್ದ. ಪ್ಲಗ್ ಹೊಸದು ಹಾಕಿದೆವು, ಸ್ಪಾರ್ಕ್ ಬರುತ್ತಿದೆ. ಹಳೆ ಪೆಟ್ರೋಲ್ ಚೆಲ್ಲಿ ಬೇರೆ ಹಾಕಿದ್ದೂ ಆಯಿತು.

ಪೇಟೆಯ ಮೆಕ್ಯಾನಿಕ್ ಒಬ್ಬರು ಒಂದು ನಟ್ಟೂ ಬಿಚ್ಚದೆ "ಎಂಜಿನ್ ಹೋಗಿದೆ, ಇದರ ಪಾರ್ಟ್ ಸಿಗೋದಿಲ್ಲ, ಗುಜರಿಗೆ ಹಾಕಿ" ಅಂದರು. ನನಗೆ ನಂಬಿಕೆ ಬರುತ್ತಿಲ್ಲ. ಡಿಸೆಂಬರ್‌ನಲ್ಲಿ ರೂಮುಗಳೆಲ್ಲ ಬುಕ್ ಆಗಿವೆ, ಹುಲ್ಲು ಮೊಣಕಾಲಿಗೆ ಬಂದಿದೆ. ತಿಳಿದವರು ಹೇಳಿ.

ಯಲ್ಲಾಪುರ ಅಡಿಕೆ:

ಅಕ್ಕಾ, ಮೆಕ್ಯಾನಿಕ್ ಹೇಳಿದ್ದು ಸರಿ ಇದೆ. ಮೋವರ್ ಎಲ್ಲ ನಮ್ಮ ಊರಿಗೆ ಆಗುವ ಮಷಿನ್ ಅಲ್ಲ. ಒಂದು ಬ್ರಷ್ ಕಟ್ಟರ್ ತಗೊಳ್ಳಿ. ನಮ್ಮ ಕಡೆ ತೋಟ ಇದ್ದವರ ಮನೆಯಲ್ಲೆಲ್ಲ ಅದೇ. ಪಾರ್ಟ್ ಬೇಕೆಂದರೆ ಶಿರಸಿಯಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ.

ಮಾಜಾಳಿ ಹೋಂಸ್ಟೇ:

ಬ್ರಷ್ ಕಟ್ಟರ್ ಕೂಡ ಇದೆ ಅಣ್ಣ, ತೆಂಗಿನ ಬುಡಕ್ಕೆ ಅದೇ ಬಳಸುವುದು. ಆದರೆ ಅಂಗಳದ ಹತ್ತಿರ ಹೊಡೆದರೆ ಕಲ್ಲು ಹಾರುತ್ತದೆ. ಹೋದ ವರ್ಷ ಅತಿಥಿಯೊಬ್ಬರ ಕಾರಿನ ಗಾಜು ಒಡೆದು ದಂಡ ಕಟ್ಟಿದ್ದು ನಾವೇ. ಅದರಲ್ಲಿ ಹೊಡೆದರೆ ಹುಲ್ಲು ಸಮವಾಗಿಯೂ ಬರುವುದಿಲ್ಲ, ಅಲ್ವಾ?

ಶಿರಸಿ ಲೇತ್:

ಹಗ್ಗ ವಾಪಸ್ ಎಳೆಯುತ್ತದೆ ಅಂದಿರಲ್ಲ, ಅಲ್ಲೇ ಅರ್ಧ ಗೊತ್ತಾಯಿತು. ಎಂಜಿನ್ ಹೋಗಿಲ್ಲ. ಫ್ಲೈವೀಲ್ ಕೀ ತುಂಡಾಗಿದೆ, ಇಲ್ಲವೇ ಅರ್ಧ ಕತ್ತರಿಸಿದೆ.

ಮೇಲಿನ ಕವರಿನ ಕೆಳಗೆ ಫ್ಲೈವೀಲ್ ಅನ್ನುವ ಭಾರದ ಚಕ್ರ ಇದೆ. ಅದರ ಅಂಚಿನಲ್ಲಿ ಮ್ಯಾಗ್ನೆಟ್ ಇರುತ್ತದೆ. ಮ್ಯಾಗ್ನೆಟ್ ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡುವ ತಂತಿ ಸುರುಳಿ) ಎದುರು ಹಾದಾಗ ಸ್ಪಾರ್ಕ್. ಪಿಸ್ಟನ್ ತಿರುಗಿಸುವ ದಂಡವೇ ಕ್ರ್ಯಾಂಕ್, ಅದರ ಕೆಳತುದಿಗೆ ಬ್ಲೇಡ್, ಮೇಲೆ ಫ್ಲೈವೀಲ್. ಫ್ಲೈವೀಲ್ ಕ್ರ್ಯಾಂಕ್ ಮೇಲೆ ಎಲ್ಲಿ ಕೂರಬೇಕೋ ಅಲ್ಲೇ ಕೂರಿಸುವುದು ಬೆರಳ ತುದಿಯಷ್ಟು ಒಂದು ಕೀ. ಬ್ಲೇಡ್ ಕಲ್ಲಿಗೆ ಬಡಿದರೆ ಕ್ರ್ಯಾಂಕ್ ಥಟ್ಟನೆ ನಿಲ್ಲುತ್ತದೆ, ಭಾರದ ಫ್ಲೈವೀಲ್ ನಿಲ್ಲುವುದಿಲ್ಲ. ಮಧ್ಯೆ ಕೀ ಕತ್ತರಿಸುತ್ತದೆ, ಫ್ಲೈವೀಲ್ ಸ್ವಲ್ಪ ಜರುಗುತ್ತದೆ. ಆಮೇಲೆ ಸ್ಪಾರ್ಕ್ ಬರುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಅಲ್ಲ. ಪಿಸ್ಟನ್ ಮೇಲೆ ಬರುವ ಮುಂಚೆಯೇ ಉರಿದರೆ ಎಂಜಿನ್ ಉಲ್ಟಾ ಒದೆಯುತ್ತದೆ. ನಿಮ್ಮ ಕೈಯಿಂದ ಹಗ್ಗ ಕಿತ್ತುಕೊಳ್ಳುವುದು ಅದೇ.

ಬಿಚ್ಚುವ ಮೊದಲು ಪ್ಲಗ್ಗಿನ ವೈರ್ ತೆಗೆದು ದೂರ ಇಡಿ. ಇದನ್ನು ಮರೆಯಬೇಡಿ, ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ. ಕವರ್ ತೆಗೆದು ನಟ್ ಬಿಚ್ಚಿದರೆ ಸಾಕು, ಫ್ಲೈವೀಲ್ ತೆಗೆಯದೆಯೇ ಮೇಲಿಂದ ಟಾರ್ಚ್ ಬೆಳಕು ಬಿಟ್ಟು ನೋಡಿ. ಕ್ರ್ಯಾಂಕಿನ ಕಾಡಿ (ಕೀ ಕೂರುವ ಸೀಳು), ಫ್ಲೈವೀಲಿನ ಕಾಡಿ ಎರಡೂ ಒಂದೇ ನೇರಕ್ಕೆ ಇರಬೇಕು. ಕೂದಲಷ್ಟು ಆಚೀಚೆ ಇದ್ದರೂ ಕೀ ಹೋಗಿದೆ ಅಂತಲೇ ಲೆಕ್ಕ.

ಕೀ ಹಾಕಲು ಫ್ಲೈವೀಲ್ ಎಬ್ಬಿಸಲೇಬೇಕು. ಸುತ್ತಿಗೆಯಿಂದ ಹೊಡೆಯಬೇಡಿ. ಅಂಚಿಗೆ ಕಾಲು ಸಿಕ್ಕಿಸಿ ಎಳೆದು ಕಳಚುವ ಪುಲ್ಲರ್ ಕೂಡ ಬೇಡ, ಅಲ್ಯೂಮಿನಿಯಂ ರೆಕ್ಕೆ ಮುರಿಯುತ್ತದೆ. ಮಧ್ಯದಲ್ಲಿ ಎರಡು ತೂತು ಇದ್ದರೆ ಅದು ಪುಲ್ಲರಿನ ಬೋಲ್ಟಿಗೆಂದೇ ಬಿಟ್ಟದ್ದು.

ಅಂಕೋಲಾ ಬೋಟ್:

ಇಷ್ಟು ಸಣ್ಣ ಕೀಗೆ ಪಾರ್ಟ್ ಹುಡುಕಿಕೊಂಡು ಹೋಗೋದ್ಯಾಕೆ? ಕಬ್ಬಿಣದ ತುಂಡು ಅರ ಹಾಕಿ ತಿಕ್ಕಿ ಕೂರಿಸಿದರೆ ಆಯಿತು. ನಮ್ಮ ಬೋಟಿನ ಪಂಪಿಗೆ ಹಾಗೇ ಹಾಕಿದ್ದೇವೆ, ಗಟ್ಟಿಯಾಗಿ ನಡೀತಿದೆ.

ಶಿರಸಿ ಲೇತ್:

ಪಂಪಿಗೆ ನಡೆಯುತ್ತದೆ. ಪಂಪು ಕಲ್ಲಿಗೆ ಬಡಿಯುವುದಿಲ್ಲ ಮಾರಾಯ್ರೆ. ಬ್ರಿಗ್ಸ್ ಮೋವರಿನ ಈ ಕೀ ಮೆದು ಲೋಹದ್ದು, ಬೇಕೆಂದೇ ಹಾಗೆ ಮಾಡಿದ್ದು. ಮನೆಯ ಕರೆಂಟಿನ ಫ್ಯೂಸ್ ಇದ್ದ ಹಾಗೆ. ನೀವು ಸ್ಟೀಲ್ ಹಾಕಿದರೆ ಮುಂದಿನ ಕಲ್ಲಿಗೆ ಕೀ ಉಳಿಯುತ್ತದೆ, ಕ್ರ್ಯಾಂಕೋ ಫ್ಲೈವೀಲೋ ಹೋಗುತ್ತದೆ. ಲೇತ್ ಇಟ್ಟುಕೊಂಡು ಹೊಟ್ಟೆ ಹೊರೆಯುವವನು ನಾನು, ಒಂದು ಕೀ ಮಾಡಿಕೊಡಲು ನನಗೇನು ಕಷ್ಟ? ಆದರೂ ಮೋವರಿಗೆ ಅಂತ ಕೇಳಿದರೆ ಮಾಡಿಕೊಡುವುದಿಲ್ಲ.

ಕುಮಟಾ ಭಟ್ಟ:

ಲೇತ್ ಅಣ್ಣ ಹೇಳಿದ್ದು ಸರಿ. ಪಾರ್ಟ್ ವಿಷಯಕ್ಕೆ ಬರುತ್ತೇನೆ. ಸ್ಟಿಕ್ಕರ್ ಹೋದರೆ ಹೋಗಲಿ. ಬ್ರಿಗ್ಸ್ ಎಂಜಿನ್ನಿನ ತಗಡಿನ ಕವರ್ ಮೇಲೆ ಅಥವಾ ಸೈಲೆನ್ಸರ್ ಹತ್ತಿರ ಅಂಕಿ ಕೆತ್ತಿರುತ್ತಾರೆ. ಮಾಡೆಲ್, ಟೈಪ್, ಕೋಡ್ ಅಂತ ಮೂರು. ತುಕ್ಕು ಹಿಡಿದಿದ್ದರೆ ಬ್ರಷ್ ಹಾಕಿ ತಿಕ್ಕಿ, ಮೇಲೆ ಚಾಕ್‌ಪೀಸ್ ಉಜ್ಜಿ, ಅಂಕಿ ಎದ್ದು ಕಾಣುತ್ತದೆ. ಕೋಡಿನ ಮೊದಲ ಆರು ಅಂಕಿ ಎಂಜಿನ್ ತಯಾರಾದ ದಿನ. 160321 ಅಂತ ಇದ್ದರೆ 2016ರ ಮಾರ್ಚ್ 21. ಈ ಮೂರೂ ಇಲ್ಲದೆ ಅಂಗಡಿಗೆ ಹೋದರೆ ಅವರು "ಸಿಗೋದಿಲ್ಲ" ಅನ್ನುವುದೇ ಸುಲಭ.

ನೀವಿರುವ ಜಾಗದಿಂದ ಹುಬ್ಬಳ್ಳಿಗಿಂತ ಮಡಗಾಂವ್ ಹತ್ತಿರ. ಗೋವಾದಲ್ಲಿ ರೆಸಾರ್ಟ್ ಜಾಸ್ತಿ, ಲಾನ್ ಜಾಸ್ತಿ, ಮೋವರ್ ಬಿಚ್ಚಿ ಗೊತ್ತಿರುವವರೂ ಜಾಸ್ತಿ. ಅಂಕಿಯ ಫೋಟೋ ವಾಟ್ಸಾಪ್ ಮಾಡಿ, ಇದೆ ಅಂದ ಮೇಲೇ ಹೊರಡಿ. ಕೀ ತರುವಾಗ ಎರಡು ತನ್ನಿ.

ಇನ್ನೊಂದು. ಬಂಕಿನಲ್ಲಿ ಈಗ ಸಿಗುವುದು 20% ಎಥೆನಾಲ್ ಸೇರಿದ ಪೆಟ್ರೋಲ್. ಬ್ರಿಗ್ಸ್‌ನವರು ಒಪ್ಪುವುದು 10% ವರೆಗೆ. ನಮ್ಮ ಕರಾವಳಿಯ ತೇವಕ್ಕೆ ಅದು ನೀರು ಹೀರಿ ಕಾರ್ಬುರೇಟರ್ ಒಳಗೆ ಪಾಚಿ ಕಟ್ಟಿದ ಹಾಗೆ ಮಾಡುತ್ತದೆ. ಮಳೆಗಾಲದಲ್ಲಿ ಮಷಿನ್ ಒಳಗಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ ಇಡಿ.

ಮಾಜಾಳಿ ಹೋಂಸ್ಟೇ:

ಕವರ್ ಬಿಚ್ಚಿದೆವು. ಕಾಡಿ ಎರಡೂ ಬೇರೆ ಬೇರೆ ನೇರಕ್ಕಿವೆ, ಬರಿಗಣ್ಣಿಗೇ ಕಾಣುತ್ತದೆ! ಚಾಕ್‌ಪೀಸಿನಿಂದ ಅಂಕಿಯೂ ಸಿಕ್ಕಿತು. ಮಡಗಾಂವ್‌ನ ಒಬ್ಬರು ಕೀ ಇದೆ, ಫ್ಲೈವೀಲ್ ತಾವೇ ಎಬ್ಬಿಸಿ ಕೊಡುತ್ತೇವೆ ಅಂದಿದ್ದಾರೆ. ಕೀಯ ಬೆಲೆ ಕೇಳಿ ಮಾವ ನಕ್ಕುಬಿಟ್ಟರು, ಹೋಗಿಬರುವ ಪೆಟ್ರೋಲಿಗೇ ಅದಕ್ಕಿಂತ ಜಾಸ್ತಿ.

ಈಗ ಚಿಂತೆ ಬ್ಲೇಡಿನದು. ಒಂದು ತುದಿ ಬಾಗಿದೆ. ನಮ್ಮ ಕಮ್ಮಾರರು ಕಾಯಿಸಿ ನೇರ ಮಾಡಿಕೊಡುತ್ತೇನೆ, ಬೇಡವಾದರೆ ಲಾರಿಯ ಕಮಾನ್ ಪಟ್ಟಿಯಿಂದ ಹೊಸದೇ ಮಾಡುತ್ತೇನೆ ಅನ್ನುತ್ತಾರೆ. ಮತ್ತೆ, ಕ್ರ್ಯಾಂಕ್ ಬಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಶಿರಸಿ ಲೇತ್:

ಎರಡೂ ಬೇಡ. ಕಾಯಿಸಿದರೆ ಹದ ಹೋಗುತ್ತದೆ, ಕಮಾನ್ ಪಟ್ಟಿ ಚಟ್ಟನೆ ಮುರಿಯಬಹುದು. ಆ ವೇಗದಲ್ಲಿ ಒಂದು ತುಂಡು ಹಾರಿದರೆ ಕಾರಿನ ಗಾಜಲ್ಲ, ಮನುಷ್ಯರ ಕಾಲು ಹೋಗುತ್ತದೆ. ಕತ್ತಿ, ಹಾರೆಗೆ ಕಮ್ಮಾರರೇ ಸರಿ, ಇದಕ್ಕೆ ಅಲ್ಲ. ಹೊಸ ಬ್ಲೇಡಿಗೆ ಅಳತೆ ತಗೊಳ್ಳಿ. ಒಂದು ತುದಿಯ ಮೂಲೆಯಿಂದ ಎದುರು ತುದಿಯ ಮೂಲೆಗೆ, ಓರೆಯಾಗಿ. ನಡುವಿನ ತೂತು ಎಷ್ಟು ಅಗಲ, ಪಕ್ಕದಲ್ಲಿ ಬೇರೆ ತೂತು ಇದೆಯೇ, ಇದ್ದರೆ ಎಷ್ಟು ದೂರ, ಎಲ್ಲ ಬರೆದುಕೊಳ್ಳಿ. ಹಳೆ ಬ್ಲೇಡನ್ನೇ ಗೋಣಿಯಲ್ಲಿ ಸುತ್ತಿ ಒಯ್ದರೆ ಇನ್ನೂ ಒಳ್ಳೆಯದು. ಬೋಲ್ಟ್ ಕೂಡ ಹೊಸದು ಹಾಕಿ.

ಕ್ರ್ಯಾಂಕ್ ನೋಡುವುದನ್ನು ಮಡಗಾಂವ್‌ಗೆ ಹೊರಡುವ ಮುಂಚೆಯೇ ಮಾಡಿ. ಬಾಗಿದ್ದರೆ ಕೀ ತಂದು ಉಪಯೋಗವಿಲ್ಲ. ಪ್ಲಗ್ ಬಿಚ್ಚಿ ಪಕ್ಕಕ್ಕಿಡಿ. ಮೋವರ್ ಮಗ್ಗುಲಾಗಿಸುವಾಗ ಏರ್ ಫಿಲ್ಟರ್ ಮೇಲೆ ಬರಬೇಕು. ಉಲ್ಟಾ ಮಲಗಿಸಿದರೆ ಆಯಿಲ್ ಫಿಲ್ಟರಿಗೆ ಇಳಿಯುತ್ತದೆ, ಆಮೇಲೆ ಸ್ಟಾರ್ಟ್ ಮಾಡಿದರೆ ಬರೀ ಹೊಗೆ. ಬ್ಲೇಡ್ ಕಳಚಿ. ಹ್ಯಾಂಡಲಿನ ಬ್ರೇಕ್ ಲಿವರ್ ಒಬ್ಬರು ಒತ್ತಿ ಹಿಡಿಯಲಿ, ಇಲ್ಲದಿದ್ದರೆ ತಿರುಗುವುದಿಲ್ಲ. ಕ್ರ್ಯಾಂಕಿನ ತುದಿಯ ಹತ್ತಿರ ಒಂದು ತಂತಿ ಅಲುಗಾಡದಂತೆ ಡೆಕ್ಕಿಗೆ ಕಟ್ಟಿ, ನಿಧಾನಕ್ಕೆ ತಿರುಗಿಸಿ. ತಂತಿಗೂ ಕ್ರ್ಯಾಂಕಿಗೂ ಸಂದು ಸುತ್ತಲೂ ಒಂದೇ ಸಮ ಇದ್ದರೆ ಚಿಂತೆ ಇಲ್ಲ. ಹತ್ತಿರ ದೂರ ಆಗುತ್ತಿದ್ದರೆ ಬಾಗಿದೆ. ಆಗ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ. ಬಾಗಿದ ಕ್ರ್ಯಾಂಕ್ ಬಡಿದು ನೇರ ಮಾಡುತ್ತೇನೆ ಅಂದವರಿಗೆ ಕೊಡಬೇಡಿ.

ವಾಪಸ್ ಜೋಡಿಸುವಾಗ ಕಾಯಿಲ್ ಬಿಚ್ಚಿದ್ದರೆ ಮ್ಯಾಗ್ನೆಟ್‌ಗೂ ಅದಕ್ಕೂ ಮಧ್ಯೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಸ್ಕ್ರೂ ಬಿಗಿ ಮಾಡಿ. ಅಲ್ಲಿ ಬೇಕಾದದ್ದು ಸುಮಾರು 0.3 ಮಿ.ಮೀ. ಸಂದು, ಕಾರ್ಡ್ ಅಷ್ಟೇ ದಪ್ಪ ಇರುತ್ತದೆ.

ಮಾಜಾಳಿ ಹೋಂಸ್ಟೇ:

ತಂತಿ ಕಟ್ಟಿ ತಿರುಗಿಸಿ ನೋಡಿದೆವು, ಸುತ್ತಲೂ ಒಂದೇ ಸಂದು. ನಾಳೆ ಮಾವ ಮಡಗಾಂವ್ ಹೊರಡುತ್ತಾರೆ, ಬ್ಲೇಡನ್ನೂ ಕಟ್ಟಿಕೊಟ್ಟಿದ್ದೇನೆ. ಕೀ ಎರಡು.