ಕಡಲಕುದುರೆ ಮರಿ ಚಿಕ್ಕಮಗಳೂರಿನಲ್ಲಿ ಬದುಕುತ್ತಾ?

ಜ್ಯೋತಿನಗರದ ಅಪ್ಪ (ಚಿಕ್ಕಮಗಳೂರು):

ಎಲ್ಲರಿಗೂ ನಮಸ್ಕಾರ. ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುವವನು ನಾನು. ಮನೆಯಲ್ಲಿ ಎರಡೂವರೆ ಅಡಿ ಟ್ಯಾಂಕ್ ಇದೆ. ನಾಲ್ಕು ವರ್ಷದಿಂದ ಗಪ್ಪಿ, ಮೋಲಿ ಸಾಕುತ್ತಿದ್ದೇನೆ. ಗಪ್ಪಿ ಮರಿ ಹಾಕುವುದಕ್ಕೆ ನನ್ನ ಬುದ್ಧಿವಂತಿಕೆ ಏನೂ ಬೇಕಾಗಿಲ್ಲ ಬಿಡಿ, ಅದರ ಪಾಡಿಗೆ ಅದು ಹಾಕುತ್ತಲೇ ಇರುತ್ತದೆ.

ಮಗಳು ಏಳನೇ ಕ್ಲಾಸು. ಕಡಲಕುದುರೆಯಲ್ಲಿ ಅಪ್ಪನೇ ಹೊರುತ್ತಾನಂತೆ, ಅಪ್ಪನೇ ಹೆರುತ್ತಾನಂತೆ ಎಂದು ಎಲ್ಲೋ ಓದಿಕೊಂಡು ಬಂದಿದ್ದಾಳೆ. ಅವತ್ತಿನಿಂದ ಒಂದೇ ಹಟ. ನಮ್ಮ ಮನೆಯವಳು ಯಾವತ್ತೂ ಮೀನಿಗೆ ದುಡ್ಡು ಹಾಕಬೇಡಿ ಅನ್ನುವವಳು, ಈ ಸಲ ಮಾತ್ರ "ತನ್ನಿ, ನಾನೂ ನೋಡಬೇಕು" ಅಂದಳು.

ವಾಟ್ಸಾಪ್‌ನಲ್ಲಿ ಒಬ್ಬರು ಫೋಟೋ ಕಳಿಸಿದ್ದಾರೆ. ಹ್ಯಾಚರಿಯಲ್ಲಿ ಬೆಳೆಸಿದ್ದಂತೆ, ಜೋಡಿಗೆ 7 ಸಾವಿರ, ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತಾರಂತೆ. ದುಡ್ಡು ಕಳಿಸುವ ಮೊದಲು ಕೇಳೋಣ ಅನ್ನಿಸಿತು. ತಿಂಗಳಿಗೊಮ್ಮೆ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತೇನೆ, ಕ್ಯಾನಿನಲ್ಲಿ ಸಮುದ್ರದ ನೀರು ತಂದರೆ ಸಾಕಾ? ಈ ಮಳೆಯಲ್ಲಿ ನಮ್ಮ ಹಾಲ್ 21 ಡಿಗ್ರಿ ಇರುತ್ತದೆ, ಆ ಚಳಿ ತಡೆಯುತ್ತವಾ? ಮರಿ ಆದರೆ ಏನು ತಿನ್ನಿಸಬೇಕು? ಗಪ್ಪಿ ಮರಿಗೆ ಕೊಡುವ ಪುಡಿ ನಡೆಯುತ್ತಾ?

ಹೇಮಾವತಿ ದಂಡೆ (ಹಾಸನ):

ಸಾರ್, ಮೊದಲು ಆ ನಂಬರ್ ಬ್ಲಾಕ್ ಮಾಡಿ.

ಕಡಲಕುದುರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ. 2001ರಲ್ಲಿ ಅದನ್ನು ಮೊದಲನೇ ಶೆಡ್ಯೂಲ್‌ಗೆ ಸೇರಿಸಿದರು. ಆಗ ಹುಲಿ ಇದ್ದ ಪಟ್ಟಿ ಅದು. ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲಾ ಅಪರಾಧ, ಜೈಲಿಗೂ ಹೋಗಬೇಕಾಗುತ್ತದೆ. "ಹ್ಯಾಚರಿಯದ್ದು" ಎಂದು ಅವರು ಬಾಯಲ್ಲಿ ಹೇಳಿದರೆ ಏನು ಬಂತು, ಬಸ್ ಸ್ಟ್ಯಾಂಡಿನಲ್ಲಿ ಬಾಕ್ಸ್ ಬಿಚ್ಚಿಸಿದರೆ ಸಿಕ್ಕಿಬೀಳುವುದು ನೀವು. ಬೇಡ.

ಸಾಲಗಾಮೆ ರೋಡ್ (ಹಾಸನ):

ಮೇಲೆ ಹೇಳಿದ್ದು ಸರಿ. ಆದರೆ "ಬೇಡ" ಅಂದರೆ ಮಗು ಕೇಳುತ್ತಾ? ಯಾಕೆ ಬೇಡ ಅಂತ ನಾನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಓದಿ ಹೇಳಿ ಅವಳಿಗೆ.

ನಾನು ಆರು ವರ್ಷ ಅಮೆರಿಕದ ಫ್ಲಾರಿಡಾದಲ್ಲಿ ಕೆಲಸದಲ್ಲಿದ್ದೆ. ಅಲ್ಲಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕಡಲಕುದುರೆಯನ್ನು ಅಂಗಡಿಯಲ್ಲೇ ಮಾರುತ್ತಾರೆ. ಹಿಪ್ಪೊಕ್ಯಾಂಪಸ್ ಇರೆಕ್ಟಸ್ ಅನ್ನುವ ಜಾತಿ. ಒಂದು ಜೋಡಿ ತಂದೆ. ಎರಡಡಿ ಎತ್ತರದ ಟ್ಯಾಂಕ್ ಕಟ್ಟಿದೆ, ಯಾಕೆಂದರೆ ಗಂಡು ಹೆಣ್ಣು ಬಾಲ ಬಾಲ ಹೆಣೆದುಕೊಂಡು ಮೇಲಕ್ಕೆ ಏರುತ್ತಾ ಏರುತ್ತಾ ಹೆಣ್ಣು ತನ್ನ ಮೊಟ್ಟೆಯನ್ನು ಗಂಡಿನ ಹೊಟ್ಟೆಚೀಲಕ್ಕೆ ಬಿಡುತ್ತದೆ. ತೊಟ್ಟಿ ಗಿಡ್ಡ ಇದ್ದರೆ ಮೊಟ್ಟೆ ತಳಕ್ಕೆ ಬಿದ್ದು ಹೋಗುತ್ತದೆ.

ಸುಮಾರು ಮೂರು ವಾರ ಹೊತ್ತ. ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ನೀರು ಕುಡಿಯಲು ಎದ್ದರೆ, ಈ ಮಹಾರಾಯ ಪ್ಲಾಸ್ಟಿಕ್ ಗಿಡಕ್ಕೆ ಬಾಲ ಸುತ್ತಿಕೊಂಡು, ಹೊಟ್ಟೆನೋವು ಬಂದವರ ಹಾಗೆ ಮಡಚಿಕೊಳ್ಳುತ್ತಿದ್ದ. ಒಂದೊಂದು ಸಲ ಮಡಚಿದಾಗಲೂ ಚೀಲದ ಬಾಯಿಂದ ಪಿಚಕ್ ಅಂತ ಹತ್ತು ಹದಿನೈದು ಮರಿ. ಎರಡು ಜೀರಿಗೆ ಕಾಳನ್ನು ಉದ್ದಕ್ಕೆ ಇಟ್ಟರೆ ಎಷ್ಟಾಗುತ್ತದೋ ಅಷ್ಟೇ. ಆದರೆ ಮೂತಿ, ಬಾಲ, ಬೆನ್ನಿನ ರೆಕ್ಕೆ ಎಲ್ಲಾ ಅಪ್ಪನದ್ದೇ. ಹಿಡಿದುಕೊಳ್ಳಲು ಏನೂ ಸಿಗದೆ ಒಂದರ ಬಾಲವನ್ನು ಇನ್ನೊಂದು ಹಿಡಿದು ಸರಪಳಿ ಮಾಡಿಕೊಂಡು ತೇಲುತ್ತಿದ್ದವು. ಎಣಿಸಲು ಹೋಗಿ 280ಕ್ಕೆ ಕೈಬಿಟ್ಟೆ.

ಖುಷಿ ಅಲ್ಲಿಗೆ ಮುಗಿಯಿತು.

ಕಡಲಕುದುರೆಗೆ ಹೊಟ್ಟೆ, ಅಂದರೆ ಜಠರ, ಇಲ್ಲ. ತಿಂದದ್ದು ಬೇಗ ಆಚೆ ಹೋಗುತ್ತದೆ. ಹಾಗಾಗಿ ಮತ್ತೆ ಮತ್ತೆ ತಿನ್ನಬೇಕು. ಅದೂ ಜೀವ ಇರುವುದನ್ನೇ. ಪುಡಿ ಹಾಕಿದರೆ ತಿರುಗಿಯೂ ನೋಡುವುದಿಲ್ಲ. ಆರ್ಟೀಮಿಯಾ ಅಂತ ಉಪ್ಪುನೀರಿನಲ್ಲಿ ಬದುಕುವ, ಸೀಗಡಿಯಂಥ ಸಣ್ಣ ಜೀವಿ ಇದೆ; ಅದರ ಮೊಟ್ಟೆಯನ್ನು ತಲೆಕೆಳಗಾಗಿ ನಿಲ್ಲಿಸಿದ ಬಾಟಲಿಯಲ್ಲಿ ಉಪ್ಪುನೀರು, ಗಾಳಿ, ಲೈಟ್ ಕೊಟ್ಟು 28 ಡಿಗ್ರಿಯಲ್ಲಿ ಇಟ್ಟರೆ ಒಂದು ದಿನಕ್ಕೆ ಒಡೆಯುತ್ತದೆ. ಒಡೆದ ತಕ್ಷಣ ಕೊಡಬೇಕು, ಆಗ ಅದರ ಮೈಯಲ್ಲೇ ಸತ್ವ ಇರುತ್ತದೆ. ತಡವಾದರೆ ಅದು ಕರಗಿಹೋಗುತ್ತದೆ. ಆಮೇಲೆ ಆರ್ಟೀಮಿಯಾಕ್ಕೇ ಬೇರೆ ಏನಾದರೂ ತಿನ್ನಿಸಿ ದಪ್ಪ ಮಾಡಿ ಕೊಡಬೇಕು. ಅಂದರೆ ಮರಿ ಸಾಕಲು ಇನ್ನೊಂದು ಮರಿ ಸಾಕಬೇಕು. ನನ್ನ ಅಡುಗೆಮನೆ ಕಟ್ಟೆ ಮೇಲೆ ನಾಲ್ಕು ಬಾಟಲಿ ಗುಳುಗುಳು ಅನ್ನುತ್ತಿದ್ದವು. ಬೆಳಿಗ್ಗೆ ಆರಕ್ಕೆ ಮೊದಲ ಊಟ, ರಾತ್ರಿ ಹನ್ನೊಂದಕ್ಕೆ ಐದನೆಯದು.

ಮೊದಲ ವಾರ ಸತ್ತವು ಜಾಸ್ತಿ ಮೇಲೆ ತೇಲಿಯೇ ಸತ್ತವು. ಬೆಳಕು ಮೇಲಿದ್ದರೆ ಮರಿ, ಆರ್ಟೀಮಿಯಾ ಎರಡೂ ಮೇಲೇ ಸೇರುತ್ತವೆ. ಅಲ್ಲಿ ಮರಿ ಊಟದ ಜೊತೆ ಗಾಳಿ ನುಂಗುತ್ತದೆ. ಮೈಯೊಳಗೆ ಗುಳ್ಳೆ ನಿಂತರೆ ಕೆಳಗಿಳಿಯಲು ಆಗುವುದಿಲ್ಲ. ಗುಂಡಗಿನ ಪಾತ್ರೆಯಲ್ಲಿ ನೀರು ಸುತ್ತುವಂತೆ ಗಾಳಿ ಪೈಪು ಇಟ್ಟ ಮೇಲೆ ಕಡಿಮೆಯಾಯಿತು.

ಹನ್ನೆರಡನೇ ದಿನ ಗಾಜಿನ ಮೇಲೆ ಬೂಷ್ಟಿನ ಹಾಗೆ ಬಿಳಿ ನೂಲು ಕಂಡಿತು. ನಾಳೆ ಒರೆಸಿದರಾಯಿತು ಅಂದುಕೊಂಡು ಮಲಗಿದೆ. ಅದು ಹೈಡ್ರಾಯ್ಡ್, ಕುಟುಕುವ ಪ್ರಾಣಿ. ಆರ್ಟೀಮಿಯಾ ತಿಂದು ಕೊಬ್ಬಿ ರಾತ್ರೋರಾತ್ರಿ ಹಬ್ಬಿತ್ತು. ಬೆಳಿಗ್ಗೆ ನಲವತ್ತಕ್ಕೂ ಜಾಸ್ತಿ ಮರಿ ತಳದಲ್ಲಿ. ಅವತ್ತಿನ ಆಲಸ್ಯ ಇವತ್ತಿಗೂ ಚುಚ್ಚುತ್ತದೆ.

ಮೂರು ತಿಂಗಳಿಗೆ ಉಳಿದದ್ದು ಹನ್ನೊಂದು. ಊರಿಗೆ ಬರುವಾಗ ಎಲ್ಲವನ್ನೂ ಅಲ್ಲೇ ಸಾಕುವವರಿಗೆ ಕೊಟ್ಟು ಬಂದೆ.

ಇನ್ನು ನಿಮ್ಮ ಪ್ರಶ್ನೆ. ದಡದ ನೀರು ಬೇಡ, ಕೊಳೆ ಜಾಸ್ತಿ. ಸಮುದ್ರದ ಟ್ಯಾಂಕಿಗೆ ಅಂತಲೇ ಬರುವ ಉಪ್ಪನ್ನು ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಕಲಸುತ್ತಾರೆ. ಅಡುಗೆ ಉಪ್ಪು ಆಗುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಕಾದಷ್ಟು ಇರುವುದಿಲ್ಲ. ಚಳಿ ವಿಷಯದಲ್ಲಿ ತಮಾಷೆ ನೋಡಿ, ನಿಮ್ಮೂರಿನ ಹವಾ ಇರೆಕ್ಟಸ್‌ಗೆ ಚೆನ್ನಾಗಿಯೇ ಹೊಂದುತ್ತದೆ. ನೀರು 24 ಡಿಗ್ರಿ ದಾಟಿದರೆ ಬ್ಯಾಕ್ಟೀರಿಯಾ ಕಾಟ ಶುರು ಎಂದು ನಾವು ಅಲ್ಲಿ ತಂಪು ಮಾಡುವ ಮೆಷಿನ್ ಇಡುತ್ತಿದ್ದೆವು. ಆದರೂ ಬೇಡ. ನಮ್ಮ ದೇಶದಲ್ಲಿ ಕದ್ದು ಮಾರುವುದು ಬಹುಪಾಲು ಬಲೆಗೆ ಬಿದ್ದದ್ದೇ. ಅದು ನಿಮ್ಮ ಟ್ಯಾಂಕಿನಲ್ಲಿ ಏನೂ ತಿನ್ನದೆ ಸೊರಗಿ ಸಾಯುವುದನ್ನು ಮಗು ನೋಡುವುದು ಬೇಡ.

ಜ್ಯೋತಿನಗರದ ಅಪ್ಪ:

ಸಾರ್, ನಿಮ್ಮದನ್ನು ರಾತ್ರಿ ಊಟ ಮಾಡುತ್ತಾ ಜೋರಾಗಿ ಓದಿದೆ. ಹೈಡ್ರಾಯ್ಡ್ ಬಂದಲ್ಲಿ ಮಗಳು ತುತ್ತು ಕೆಳಗಿಟ್ಟಳು. ನಂಬರ್ ಬ್ಲಾಕ್ ಮಾಡಿದ್ದೇನೆ. ಈಗ ಅವಳ ಪ್ರಶ್ನೆ ಬೇರೆ: ಅಪ್ಪನೇ ಮರಿ ನೋಡಿಕೊಳ್ಳುವ ಮೀನು ಬೇರೆ ಯಾವುದೂ ಇಲ್ವಾ?

ಬಾಳ್ಳುಪೇಟೆ ಅಕ್ಕ:

ಇದೆಯಲ್ಲಾ, ಫೈಟರ್! ಅಂಗಡಿಯಲ್ಲಿ ಲೋಟದಲ್ಲಿ ಇಟ್ಟಿರುತ್ತಾರಲ್ಲ, ಬೆಟ್ಟಾ, ಅದೇ. ಹೆರುವುದಿಲ್ಲ ಅಷ್ಟೇ, ಬಾಣಂತನ ಪೂರ್ತಿ ಗಂಡಿನದ್ದೇ. ನಾನು ಎಂಟು ಸಲ ಮರಿ ಮಾಡಿಸಿದ್ದೇನೆ, ಮೂರು ಸಲ ಸೋತಿದ್ದೇನೆ.

ಒಂದು ಥರ್ಮಾಕೋಲ್ ಬಾಕ್ಸ್ ತಗೊಳ್ಳಿ, ನಮ್ಮ ಮಲೆನಾಡಿಗೆ ಗಾಜಿಗಿಂತ ಅದೇ ವಾಸಿ, ಬಿಸಿ ಹಿಡಿದಿಡುತ್ತದೆ. ಐದಾರು ಇಂಚು ನೀರು ಸಾಕು, ಹೀಟರ್ 27ಕ್ಕೆ. ಕಾಡುಬಾದಾಮಿ ಒಣ ಎಲೆ ಒಂದು ತೇಲಿಬಿಡಿ. ಗಂಡು ಅದರ ಕೆಳಗೇ ನೊರೆಗೂಡು ಕಟ್ಟುತ್ತದೆ. ಹೆಣ್ಣನ್ನು ಸೀದಾ ಬಿಡಬೇಡಿ, ಒಂದು ದಿನ ಗಾಜಿನ ಲೋಟದಲ್ಲಿಟ್ಟು ತೋರಿಸಿ. ಮೊಟ್ಟೆ ಇಟ್ಟು ಮುಗಿದ ಕೂಡಲೇ ಹೆಣ್ಣನ್ನು ತೆಗೆಯಿರಿ, ಇಲ್ಲದಿದ್ದರೆ ಅವನೇ ಹರಿದು ಹಾಕುತ್ತಾನೆ.

ಪುಟ್ಟಿಗೆ ಒಂದು ಭೂತಗನ್ನಡಿ ಕೊಡಿಸಿ. ಮೊಟ್ಟೆ ಗಸಗಸೆಯ ಹಾಗೆ ಉದುರುತ್ತಿರುತ್ತದೆ. ಅವನು ಒಂದೊಂದನ್ನೇ ಬಾಯಲ್ಲಿ ಹೆಕ್ಕಿ ಮೇಲೆ ಹೋಗಿ ನೊರೆಗೆ ಉಗುಳುತ್ತಾನೆ. ಮತ್ತೆ ಬೀಳುತ್ತದೆ, ಮತ್ತೆ ಹೆಕ್ಕುತ್ತಾನೆ. ಒಂದೂವರೆ ಎರಡು ದಿನಕ್ಕೆ ಒಡೆದು ಬಾಲ ಕೆಳಗೆ ಮಾಡಿ ನೇತಾಡುತ್ತವೆ. ಇನ್ನೆರಡು ಮೂರು ದಿನಕ್ಕೆ ನೆಟ್ಟಗೆ ಈಜುತ್ತವೆ. ಆಗ ಅವನನ್ನೂ ತೆಗೆದುಬಿಡಿ.

ಸಾಯುವುದು ಆಮೇಲೆ. ಬಾಯಿ ಎಷ್ಟು ಸಣ್ಣದು ಅಂದರೆ ಮೊದಲ ದಿನ ಆರ್ಟೀಮಿಯಾ ಕೂಡ ಕಷ್ಟ. ಅದಕ್ಕೇ ಜೋಡಿ ಬಿಡುವ ವಾರ ಮೊದಲೇ ಟ್ಯಾಂಕಿನ ಹಳೆ ನೀರಿಗೆ ಬಾಳೆಹಣ್ಣಿನ ಸಿಪ್ಪೆ ಒಂದು ತುಂಡು ಹಾಕಿ ಇಡಿ. ಮೊದಲು ನೀರು ಕದಡಿ ನಾರುತ್ತದೆ, ಆಮೇಲೆ ತಿಳಿಯಾಗುತ್ತದೆ. ಆ ತಿಳಿನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಇನ್ಫ್ಯೂಸೋರಿಯಾ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಬಿಡಿ. ನಾಲ್ಕೈದು ದಿನ ಬಿಟ್ಟು ಆರ್ಟೀಮಿಯಾ. ಮುಚ್ಚಳ ಮಾತ್ರ ತೆಗೆದಿಡಬೇಡಿ. ಮರಿಗಳು ಮೇಲಿನ ಗಾಳಿ ಎಳೆಯಲು ಶುರು ಮಾಡುವಾಗ ತಣ್ಣನೆ ಗಾಳಿ ತಗುಲಿದರೆ ಹೋಗುತ್ತವೆ. ಕರೆಂಟ್ ಹೋದರೆ ಬಾಕ್ಸ್ ಮೇಲೆ ಕಂಬಳಿ ಹೊದಿಸಿ. ನಗಬೇಡಿ, ಹೋದ ಜುಲೈನಲ್ಲಿ ಒಂಬತ್ತು ಗಂಟೆ ಕರೆಂಟ್ ಇಲ್ಲದಿದ್ದಾಗ ನನ್ನ ಮರಿ ಉಳಿದದ್ದು ಹಾಗೇ.

ಜ್ಯೋತಿನಗರದ ಅಪ್ಪ:

ಅಕ್ಕಾ, ನೀಲಿ ಗಂಡು ಒಂದು, ಕೆಂಪು ಹೆಣ್ಣು ಒಂದು ತಂದಾಯಿತು. ಗಂಡಿಗೆ ಮಗಳು ಇಟ್ಟ ಹೆಸರು ಬಾಣಂತಪ್ಪ. ಕಾಡುಬಾದಾಮಿ ಎಲೆ ಅವಳ ಸ್ಕೂಲ್ ಕಾಂಪೌಂಡಿನಲ್ಲೇ ಬೇಕಾದಷ್ಟು ಬಿದ್ದಿತ್ತು. ನಿನ್ನೆಯಿಂದ ನೊರೆ ಕಾಣುತ್ತಿದೆ, ಎಂಟಾಣೆ ಅಗಲ ಆಗಿದೆ.

ಬಾಳೆಸಿಪ್ಪೆ ಬಾಟಲಿ ಮೂರನೇ ದಿನಕ್ಕೆ ಅಡುಗೆಮನೆಯಿಂದ ಗಡಿಪಾರಾಯಿತು. ಈಗ ಹಿತ್ತಿಲ ಸಜ್ಜದ ಮೇಲಿದೆ, ಅಲ್ಲಿ 19 ಡಿಗ್ರಿ. ಆ ಚಳಿಗೆ ಇನ್ಫ್ಯೂಸೋರಿಯಾ ಆಗುತ್ತಾ?

ಬಾಳ್ಳುಪೇಟೆ ಅಕ್ಕ:

ಆಗುತ್ತದೆ, ಮೂರ್ನಾಲ್ಕು ದಿನ ಜಾಸ್ತಿ ಹಿಡಿಯುತ್ತದೆ ಅಷ್ಟೇ. ನೀರು ತಿಳಿಯಾಗುವವರೆಗೆ ಹೆಣ್ಣು ಲೋಟದಲ್ಲೇ ಇರಲಿ.